ಹದಿನಾಲ್ಕನೆಯ ಕುಳಿ

ನಾಲ್ಕೂಕಾಲು ಅಂಗುಲ ಅಗಲದ ಒಂದು ಕುಳಿಯನ್ನು ಹುಲ್ಲಿನ ಮೇಲೆ ಎಲ್ಲಿ ಕೊರೆಯಬೇಕು ಎನ್ನುವುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ರಾಜ್ಯಗಳ ಗಡಿಗಳನ್ನು ಇದಕ್ಕಿಂತ ಕಡಿಮೆ ಯೋಚನೆ ಮಾಡಿ ಎಳೆದವರಿದ್ದಾರೆ. ರಾಚಬುರಿಯ ಹೊರಗೆ, ಕಬ್ಬಿನ ಗದ್ದೆಗಳ ನಡುವಿನ ಆ ಗಾಲ್ಫ್ ಮೈದಾನದಲ್ಲಿ ಈ ಗುರುತರ ಕಾರ್ಯವನ್ನು ದಿನಾ ಬೆಳಗ್ಗೆ ಐದೂವರೆಗೆ ಒಬ್ಬನೇ ಮನುಷ್ಯ ನಡೆಸುತ್ತಿದ್ದ. ಅವನ ತೀರ್ಪಿನ ಮೇಲೆ ಅಪೀಲು ಹೋದವಳು ಇದುವರೆಗೆ ಒಬ್ಬಳೇ.

ಅವಳ ಹೆಸರು ರಿನ್‌ಲದಾ. ಅದು ಸ್ಕೋರ್ ಹಲಗೆಗೆ ಮಾತ್ರ. ಉಳಿದವರಿಗೆಲ್ಲ ಅವಳು ಮೊತ್, ಅಂದರೆ ಥಾಯ್ ಮಾತಿನಲ್ಲಿ ಇರುವೆ. ಹುಟ್ಟಿದಾಗ ಅಷ್ಟೇ ಇದ್ದಳಂತೆ. ಈಗ ಇಪ್ಪತ್ತು ವರ್ಷ, ವೃತ್ತಿಪರ ಆಟಗಾರ್ತಿಯಾಗಿ ಎಂಟು ತಿಂಗಳು. ಒಂಬತ್ತು ಪಂದ್ಯ ಆಡಿದ್ದಳು; ಆರರಲ್ಲಿ ಎರಡನೆಯ ದಿನವೇ ಗಂಟುಮೂಟೆ ಕಟ್ಟಿದ್ದಳು.

ಕಟ್ ತಪ್ಪಿದ, ಅಂದರೆ ಮುಂದಿನ ದಿನಗಳ ಆಟಕ್ಕೆ ಉಳಿಯದ, ಹುಡುಗಿಗೆ ಶುಕ್ರವಾರದ ಸಂಜೆ ಬಹಳ ಉದ್ದ. ಉಳಿದವರು ನಾಳೆಯ ಆಟಕ್ಕೆ ಬೂಟು ಒರೆಸುತ್ತಿರುತ್ತಾರೆ. ಅವಳು ಬಸ್ಸಿನ ಕಿಟಕಿಯ ಪಕ್ಕ, ಮೊಣಕಾಲುಗಳ ನಡುವೆ ಬ್ಯಾಗು. ಅಪ್ಪ ಪಂದ್ಯದ ದಿನಗಳಲ್ಲಿ ಮಾತ್ರ ಬ್ಯಾಗು ಹೊರಲು ಬರುತ್ತಿದ್ದ, ಉಳಿದ ದಿನ ಊರಲ್ಲಿ ಪಿಕಪ್ ಓಡಿಸುತ್ತಿದ್ದ. ಮೈದಾನದ ಯಜಮಾನರು ಪುಣ್ಯಕ್ಕೆ ಆಟಗಾರರ ಬ್ಯಾಗು ಹೊರುವ ಕ್ಯಾಡಿ ಹೆಂಗಸರ ವಸತಿಯ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಅಲ್ಲಿ ಅವಳು ಅಂಟನ್ನವನ್ನು ಉಂಡೆ ಮಾಡಿ, ಕಡ್ಡಿಗೆ ಚುಚ್ಚಿ ಸುಟ್ಟ ಹಂದಿಮಾಂಸದ ಜೊತೆ ತಿನ್ನುತ್ತ ಗೋಡೆ ನೋಡುತ್ತಿದ್ದಳು. ಆ ಸೀಮೆಯಲ್ಲಿ ಯಾರು ಎದುರಾದರೂ ಮೊದಲು ಕೇಳುವುದು 'ಊಟ ಆಯ್ತಾ' ಎಂದು. ಕೋಣೆಯೊಳಗೆ ಎದುರಾಗಲು ಯಾರೂ ಇರಲಿಲ್ಲ.

ಮುಂಜಾವದಲ್ಲಿ ಅವಳೊಬ್ಬಳೇ ಆಡುತ್ತಿದ್ದಳು. ಸತತ ನಾಲ್ಕು ದಿನ ಹದಿನಾಲ್ಕನೆಯ ಗ್ರೀನಿನ ನುಣುಪು ಹುಲ್ಲಿನಲ್ಲಿ ಕುಳಿಯ ಬಾವುಟ ಹಿಂದಿನ ಬಲಮೂಲೆಯಲ್ಲೇ ನಿಂತಿತ್ತು, ಆಳವಾದ ಮರಳಿನ ಬಂಕರಿನ ಬೆನ್ನಿಗೆ. ಲೋಕದಲ್ಲಿ ಅವಳಿಗೆ ಬಾರದ ಹೊಡೆತ ಅದೊಂದೇ. ನಾಲ್ಕೂ ದಿನ ಚೆಂಡು ಮರಳಿಗೆ ಬಿತ್ತು. ಐದನೆಯ ದಿನ ಅವಳು ಕತ್ತಲಿರುವಾಗಲೇ ಹೋಗಿ ಅಪರಾಧಿಯನ್ನು ಹಿಡಿದಳು.

ಅವನು ಮಂಡಿಯೂರಿ, ಹುಲ್ಲಿಗೆ ಉಕ್ಕಿನ ಕೊಳವೆ ಒತ್ತಿ ತಿರುಗಿಸುತ್ತಿದ್ದ. ಇಪ್ಪತ್ತಾರರ ಆಸುಪಾಸು, ಬಿಸಿಲಿಗೆ ಬಣ್ಣ ಹೋದ ಟೋಪಿ, ಮಂಡಿಗಳಲ್ಲಿ ಎಂದೂ ಒಣಗದ ಮಣ್ಣು. ಹೆಸರು ದಮ್ರೊಂಗ್.

"ದಿನಾ ಇಲ್ಲೇ ಕೊರೆಯೋರು ನೀವೇನಾ?"

"ದಿನಾ ಒಂದು ಗೇಣು ಆಚೆ ಈಚೆ. ಒಂದೇ ಜಾಗದಲ್ಲಿಟ್ರೆ ಹುಲ್ಲು ಸಾಯುತ್ತೆ."

"ನನ್ ಮೇಲೇನು ಹಗೆ ನಿಮ್ಗೆ?"

ಅವನು ತಲೆಯೆತ್ತಿದ. ನೋಡಿದ್ದು ಒಂದೇ ಕ್ಷಣ. ಆದರೆ ಇಬ್ಬನಿಯಲ್ಲಿ ನೆನೆದ ಬೂಟಿನಿಂದ ಹಣೆಗಂಟಿದ ಕೂದಲಿನವರೆಗೆ ಏನನ್ನೂ ಬಿಡದೆ ನೋಡಿದ.

"ಮೊನ್ನೆ ಈ ಮರಳಿಂದ ಆಚೆ ಬರೋಕೆ ನಾಕು ಹೊಡ್ತ ತಗೊಂಡ್ರಿ. ನಿನ್ನೆ ಮೂರು."

"ಎಣಿಸ್ತಾ ಕೂತಿದ್ರಾ? ಬೇರೆ ಕೆಲ್ಸ ಇಲ್ವಾ?"

"ಹದಿನೆಂಟು ಕುಳಿ ಇದೆ. ಅದಾದ್ಮೇಲೆ ಇಲ್ಲ."

ಮರುದಿನ ಬಾವುಟ ಗ್ರೀನಿನ ನಟ್ಟನಡುವೆ ಇತ್ತು, ಮಗುವೂ ಹೊಡೆಯಬಹುದಾದಲ್ಲಿ. ಇದು ಅವಳಿಗೆ ಇನ್ನೂ ದೊಡ್ಡ ಅವಮಾನವಾಗಿ ಕಂಡಿತು. ಆಟ ಮುಗಿಸಿ ಹೋಗುವಾಗ ಹಿಂದಿನ ಬಲಮೂಲೆಯಲ್ಲಿ ಚೆಂಡು ಕೂರಿಸುವ ಒಂದು ಟೀ ಕಡ್ಡಿಯನ್ನು ಮಲಗಿಸಿ ಹೋದಳು. ಮಾರನೆಯ ಬೆಳಗ್ಗೆ ಕುಳಿ ಸರಿಯಾಗಿ ಅಲ್ಲೇ ಇತ್ತು. ಕಡ್ಡಿಯನ್ನು ಬಾವುಟದ ಕೋಲಿಗೆ ದಾರದಿಂದ ಕಟ್ಟಲಾಗಿತ್ತು.

ಹೀಗೆ ಶುರುವಾಯಿತು. ಸಂಜೆ ಅವಳು ಕಡ್ಡಿ ಮಲಗಿಸುವುದು, ಬೆಳಗ್ಗೆ ಅವನು ಕೊರೆಯುವುದು. ಮಾತು ಕಡಿಮೆ. ಅವನು ಬಕೆಟ್ಟು ಹಿಡಿದು ಎದುರಾದರೆ "ಊಟ ಆಯ್ತಾ?" ಎನ್ನುತ್ತಿದ್ದ. "ಆಯ್ತು" ಎಂದು ಅವಳು ಸುಳ್ಳು ಹೇಳುತ್ತಿದ್ದಳು. ಆಮೇಲೆ ನೋಡಿದರೆ ಬಂಕರಿನ ಪಕ್ಕ ಬಾಳೆಯೆಲೆಯಲ್ಲಿ ಸುತ್ತಿದ ಅಂಟನ್ನ ಇರುತ್ತಿತ್ತು, ಇನ್ನೂ ಬೆಚ್ಚಗೆ.

ಕ್ಯಾಡಿಗಳ ಕಣ್ಣು ತಪ್ಪಿಸುವುದುಂಟೆ? ಬಿಸಿಲಿಗೆಂದು ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟುಕೊಂಡವರು, ಹಾಗಾಗಿ ಅದನ್ನು ಚೆನ್ನಾಗಿ ಬಳಸುತ್ತಾರೆ.

"ಕಾಗದ ಬರೆಯೋರ್ನ ನೋಡಿದೀನಿ, ಹಾಡು ಹೇಳೋರ್ನ ನೋಡಿದೀನಿ," ಎಂದಳು ಅವರಲ್ಲಿ ಹಿರಿಯಳಾದ ನೊಯ್ ಅಕ್ಕ. "ಹುಡುಗಿಗೋಸ್ಕರ ನೆಲ ತೂತು ಮಾಡೋನ್ನ ಇದೇ ಮೊದಲು ನೋಡ್ತಿರೋದು ಕಣೇ."

"ಅದು ಪ್ರಾಕ್ಟೀಸು, ಅಕ್ಕ."

"ಹೂಂ. ಯಾವುದ್ರದ್ದು?"

ನವೆಂಬರಿನಲ್ಲಿ ಅದೇ ಮೈದಾನಕ್ಕೆ ಆಯ್ಕೆಯ ಪಂದ್ಯ ಬಂತು. ಮೂರು ದಿನ, ತೊಂಬತ್ತು ಹುಡುಗಿಯರು. ಮೊದಲ ಹತ್ತು ಜನಕ್ಕೆ ಹೊರದೇಶಗಳ ಟೂರಿನ ಕಾರ್ಡು, ವರ್ಷವಿಡೀ ಊರೂರು ಸುತ್ತಿ ಪಂದ್ಯ ಆಡುವ ಹಕ್ಕು. ಹನ್ನೊಂದನೆಯವಳಿಗೆ ಬಸ್ಸು. ಈ ಸಲವೂ ಆಗದಿದ್ದರೆ ಅಮ್ಮನ ನೂಡಲ್ ಅಂಗಡಿಯಲ್ಲಿ ಕೂರುವುದೆಂದು ಮೊತ್ ತನ್ನೊಳಗೇ ತೀರ್ಮಾನಿಸಿದ್ದಳು.

ಪಂದ್ಯದ ದಿನಗಳಲ್ಲಿ ಕುಳಿಯ ಜಾಗ ಗೊತ್ತುಮಾಡುವವರು ಅಧಿಕಾರಿಗಳು. ಅವರು ಬಣ್ಣದ ಚುಕ್ಕಿ ಇಟ್ಟಲ್ಲಿ ದಮ್ರೊಂಗ್ ಕೊರೆಯಬೇಕು, ಅಷ್ಟೇ. ಮೊದಲ ದಿನ ಬೆಳಗ್ಗೆ ಅವನು ಯಂತ್ರಗಳ ಶೆಡ್ಡಿನ ಬಳಿ ಎದುರಾದ. ಅವಳು ನಕ್ಕಳು. ಅವನು ನೆಲ ನೋಡಿಕೊಂಡು ಬೇರೆ ದಾರಿ ಹಿಡಿದ.

ಎರಡನೆಯ ದಿನವೂ ಹಾಗೇ. 'ಊಟ ಆಯ್ತಾ' ಇಲ್ಲ, ಬಾಳೆಯೆಲೆ ಇಲ್ಲ. ಅಪ್ಪ ಪಕ್ಕದಲ್ಲೇ ಬ್ಯಾಗು ಹೊತ್ತು ನಡೆಯುತ್ತಿದ್ದರೂ ಅವಳಿಗೆ ಆ ಮೈದಾನ ಹಿಂದೆಂದೂ ಅಷ್ಟು ಖಾಲಿಯಾಗಿ ಕಂಡಿರಲಿಲ್ಲ. ದೊಡ್ಡವರ ಪಂದ್ಯ ಬಂದಾಗ ಇರುವೆ ಯಾರಿಗೆ ಬೇಕು, ಎಂದುಕೊಂಡಳು. ಕುಳಿಗೆ ಉರುಳಿಸುವ ಎರಡು ಸುಲಭದ ಪಟ್ ತಪ್ಪಿದವು.

"ಎಲ್ಲಿದೆ ಮಗಾ ಗಮನ?" ಎಂದ ಅಪ್ಪ.

"ಇಲ್ಲೇ ಇದೆ, ಅಪ್ಪ."

"ಇಲ್ಲೇ ಇದ್ದಿದ್ರೆ ನಂಗೆ ಕಾಣಿಸ್ತಿತ್ತು."

ಕೊನೆಯ ದಿನ ಹದಿನಾಲ್ಕಕ್ಕೆ ಬರುವ ಹೊತ್ತಿಗೆ ಅವಳದು ಹತ್ತನೆಯ ಸ್ಥಾನ, ಹಿಂದೆ ಮೂವರು ಒಂದೇ ಹೊಡೆತದ ದೂರದಲ್ಲಿ. ಬಾವುಟ ಹಿಂದಿನ ಬಲಮೂಲೆಯಲ್ಲಿತ್ತು. ಚೆಂಡು, ಹೇಳಬೇಕಾಗಿಲ್ಲ, ಮರಳಿನಲ್ಲಿತ್ತು.

ಅವಳು ಬಂಕರಿಗಿಳಿದಳು. ದೂರದಲ್ಲಿ ಮಳೆಮರದ ಕೆಳಗೆ ದಮ್ರೊಂಗ್ ನಿಂತಿದ್ದ, ಬಕೆಟ್ಟು ಹಿಡಿದು, ಆಟಕ್ಕೆ ಬೆನ್ನು ಹಾಕಿ. ಆ ಬೆನ್ನು ಕಬ್ಬಿನ ಗದ್ದೆಯನ್ನು ನೋಡುತ್ತಿರುವವನ ಬೆನ್ನಾಗಿರಲಿಲ್ಲ. ಹೆಗಲು ಕಿವಿಗಂಟಿತ್ತು, ಬಕೆಟ್ಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದ. ಯಾರೋ ತನಗಾಗಿ ಅಷ್ಟು ಹೆದರುತ್ತಿರುವುದನ್ನು ಕಂಡು ಅವಳ ಹೆದರಿಕೆ ಇಳಿಯಿತು.

ಮರಳು ಎದ್ದಿತು. ಚೆಂಡು ಮೆತ್ತಗೆ ಇಳಿದು, ಉರುಳಿ, ಕುಳಿಯಿಂದ ಒಂದು ಗೇಣು ಈಚೆ ನಿಂತಿತು. ಅಪ್ಪ ಅವಳ ಕೈಗೆ ಪಟರ್ ಕೊಟ್ಟ. ಸಂಜೆ ಹಲಗೆಯ ಮೇಲೆ ರಿನ್‌ಲದಾ ಒಂಬತ್ತನೆಯವಳಾಗಿದ್ದಳು.

ಮಾರನೆಯ ಬೆಳಗ್ಗೆ ಆಟ ಶುರುವಾಗುವ ಮೊದಲ ಟೀ ಪಕ್ಕದಲ್ಲಿ, ನೆಲ ಕಾಯುವ ದೇವರಾದ ಜಾಗದೊಡೆಯನ ಗುಡಿಯ ಮುಂದೆ ಜನ ಸೇರಿದ್ದರು. ಕಂಬದ ಮೇಲೆ ಕೂರಿಸಿದ, ಪಾರಿವಾಳದ ಗೂಡಿನಷ್ಟು ದೊಡ್ಡ ಗುಡಿ. ಅದರೊಡೆಯನಿಗೆ ದಿನಾ ಸಿಗುವುದು ಒಂದು ಬಾಟಲಿ ಕೆಂಪು ಸೋಡಾ ಮಾತ್ರ. ಇವತ್ತು ಅದರ ಬುಡದಲ್ಲಿ ನೂರು ಬೇಯಿಸಿದ ಮೊಟ್ಟೆ.

"ಅಪ್ಪ, ನೀನಾ ಹರಕೆ ಹೊತ್ತಿದ್ದು?"

"ನಿಮ್ಮಮ್ಮ ಹಂದಿ ತಲೆ ಹೊತ್ತಿದಾಳೆ, ಊರಲ್ಲಿ. ಇದು ನಮ್ದಲ್ಲ."

ನೊಯ್ ಅಕ್ಕ ಆಗಲೇ ದೇವರ ಅನುಮತಿ ಬೇಡಿ ಒಂದು ಮೊಟ್ಟೆ ಸುಲಿಯುತ್ತಿದ್ದಳು. "ಶೆಡ್ಡಿನ ಒಲೇಲಿ ಬೆಂದಿದ್ದು. ಡೀಸೆಲ್ ವಾಸನೆ ಬರ್ತಿದೆ ನೋಡು."

ಅವನು ಹದಿನಾಲ್ಕನೆಯ ಗ್ರೀನಿನಲ್ಲಿದ್ದ, ಹಳೆಯ ಕುಳಿ ಮುಚ್ಚುತ್ತ. ಅವಳು ಎದುರು ಕುಕ್ಕರಗಾಲಲ್ಲಿ ಕೂತಳು.

"ಮೂರು ದಿನ ಮುಖ ತಿರುಗಿಸ್ಕೊಂಡು ಓಡಾಡಿದ್ರಲ್ಲ."

"ಕುಳಿ ಎಲ್ಲಿ ಅಂತ ಎಲ್ರಿಗಿಂತ ಮೊದ್ಲು ನಂಗೆ ಗೊತ್ತಿರ್ತಿತ್ತು. ನಿಮ್ಮನ್ನ ನೋಡಿದ್ರೆ ನನ್ ಮುಖದಲ್ಲೇ ಓದ್ಕೊಳ್ತಿದ್ರಿ. ಆಮೇಲೆ ಕಾರ್ಡು ನಿಮ್ದು ಅಂತ ಯಾರು ಒಪ್ತಿದ್ರು?"

ಅವಳು ಅವನ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. "ಹರಕೆ ಏನಂತ ಹೊತ್ರಿ?"

"ಹೇಳ್ಬಾರ್ದು."

"ತೀರ್ಸಿದ್ಮೇಲೆ ಹೇಳ್ಬೋದು."

"ನೀವು ಇಲ್ಲಿಂದ ಹೋಗೋ ಹಾಗಾಗ್ಲಿ ಅಂತ."

"ಇಲ್ಲೇ ಇರ್ಲಿ ಅಂತ ಹೊರೋಕೇನಾಗಿತ್ತು?"

"ಅದಕ್ಕೆ ಎಷ್ಟು ಮೊಟ್ಟೆ ಅಂತ ಯಾರ್ನ ಕೇಳ್ಲಿ?" ಅವನು ನಗಲು ನೋಡಿದ. ನಗು ಟೋಪಿಯ ನೆರಳಲ್ಲೇ ಉಳಿಯಿತು. "ರಾತ್ರಿ ಎಲ್ಲ ಯೋಚ್ನೆ ಮಾಡ್ದೆ. ಅದನ್ನ ಕೇಳೋ ಆಸೇನೇ ಹೆಚ್ಚಿತ್ತು. ಅದಕ್ಕೇ ಕೇಳ್ಲಿಲ್ಲ."

ಜೇಬಿನಿಂದ ಒಂದು ಮೊಟ್ಟೆ ತೆಗೆದು, ಸುಲಿದು, ಎರಡು ಭಾಗ ಮಾಡಿದ. ಹಳದಿ ಹೆಚ್ಚಿದ್ದ ಭಾಗವನ್ನು ಅವಳ ಅಂಗೈಯಲ್ಲಿಟ್ಟ. ಮಣ್ಣಾದ ಬೆರಳು ತುಸು ಹೊತ್ತು ಅಲ್ಲೇ ಉಳಿಯಿತು.

"ಊಟ ಆಯ್ತಾ?"

"ಇಲ್ಲ," ಎಂದಳು ಅವಳು, ಮೊದಲ ಸಲ ನಿಜ ಹೇಳುತ್ತ.

ಇಬ್ಬರೂ ತಿಂದರು. ಬಿಸಿಲು ಬಂದು ಇಬ್ಬನಿಯ ಮೇಲಿನ ಅವರ ಹೆಜ್ಜೆಗಳನ್ನು ಅಳಿಸತೊಡಗಿತು.

"ಇನ್ಮೇಲೆ ಕಡ್ಡಿ ಇಡೋರಿಲ್ಲ," ಎಂದ ಅವನು. "ಎಲ್ಲಿ ಕೊರೀಲಿ?"

ಅವಳು ಕಿವಿಯ ಹಿಂದಿನ ಟೀ ಕಡ್ಡಿ ತೆಗೆದು ಬಲಮೂಲೆಯಲ್ಲಿ ಮಲಗಿಸಿದಳು. "ನಾನು ಬರೋವರ್ಗೂ ಇಲ್ಲೇ ಇರ್ಲಿ."

"ಹುಲ್ಲು ಸಾಯುತ್ತೆ."

"ಸಾಯ್ಲಿ."

ಬುಧವಾರ ಅವಳ ವಿಮಾನ ಹೊರಟಿತು. ನೊಯ್ ಅಕ್ಕ ಫೋನಿನಲ್ಲಿ ಹೇಳಿದ ಪ್ರಕಾರ ಹದಿನಾಲ್ಕನೆಯ ಕುಳಿ ಹನ್ನೊಂದು ದಿನ ಅಲ್ಲೇ ಇತ್ತು. ಹನ್ನೆರಡನೆಯ ದಿನ ಮೈದಾನದ ಸದಸ್ಯರು ದೂರು ಕೊಟ್ಟರು. ಯಜಮಾನರು ಕುಳಿಯನ್ನು ನಡುವಿಗೆ ತರಿಸಿದರು.