ಕುತ್ತಿಗೆ ಕತ್ತರಿಸದ ಹಾವು

"ಕುತ್ತಿಗೆ ಕತ್ತರಿಸಿಬಿಡು ತಮ್ಮಾ. ಸತ್ತವನ ಕೋಣೇಲಿ ಇಡೀ ಹಾವು ಬರೀಬಾರ್ದು."

ಮುದುಕ ನೆಬ್ರೆ ಹೀಗೆ ಹೇಳಿದ್ದು ಅದು ಮೂರನೇ ಸಲ. ಗೋರಿಗಳಲ್ಲಿ ಚಿತ್ರ ಬರೆಯುತ್ತಲೇ ಬೆನ್ನು ಬಾಗಿಸಿಕೊಂಡವನು ಅವನು. ಪೆಂದುವನಿಗೆ ನಗು ತಡೆಯಲಾಗಲಿಲ್ಲ. ಮೆನ್ನೆಫೆರ್ ಪಟ್ಟಣದ ಸಾಹುಕಾರರ ಮನೆಗೋಡೆಗಳ ಮೇಲೆ ಬಾತುಕೋಳಿ, ತಾವರೆ ಬರೆದು ಹೆಸರು ಮಾಡಿದವನು ಪೆಂದುವ. ನೈಲ್ ನದಿಯ ಈ ಪಶ್ಚಿಮ ದಡಕ್ಕೆ, ಗೋರಿ ಕೆಲಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೇ.

"ಬಣ್ಣದ ಹಾವು ಕಚ್ಚುತ್ತೇನಜ್ಜಾ? ಹಂಗಾದ್ರೆ ನಾನು ಬರೆದ ಬಾತುಕೋಳಿ ಇಷ್ಟೊತ್ತಿಗೆ ಮೊಟ್ಟೆ ಇಡಬೇಕಿತ್ತು."

"ಆ ಮನೆಗಳಲ್ಲಿ ಯಾರೂ ಮಂತ್ರ ಹಾಕಲ್ಲ. ಇಲ್ಲಿ ಹಾಕ್ತಾರೆ."

ಬೇರೆಯವರು ಹಾವು ಬರೆದಲ್ಲೆಲ್ಲ ಕುತ್ತಿಗೆಗೊಂದು ಸೀಳು ಹಾಕುತ್ತಿದ್ದರು. ಜೀವ ಬಂದರೂ ಅಟ್ಟಿ ಬರದಿರಲೆಂದು ಸಿಂಹಕ್ಕೆ ಹಿಂಗಾಲು ಬರೆಯುತ್ತಲೇ ಇರಲಿಲ್ಲ. ಪೆಂದುವ ಮಾತ್ರ ಬಾಗಿಲ ಬದಿಯ ತನ್ನ ಹಾವನ್ನು ಇಡಿಯಾಗಿ ಬರೆದ. ಹಳದಿ ಮೈ, ಮರಳುಗಾಡಿನ ಹಾವಿಗಿರುವಂಥ ಎರಡು ಕಪ್ಪು ಕೊಂಬು. ಅಷ್ಟು ಚೆಂದ ಬಂದದ್ದನ್ನು ಸೀಳಲು ಅವನಿಗೆ ಮನಸ್ಸೇ ಬರಲಿಲ್ಲ. ಮರುದಿನ ಪೂಜಾರಿ ಬಂದು ಧೂಪ ಹಾಕಿ, ಮರ ಕೆತ್ತುವಂಥ ಬಾಚಿಯ ತುದಿಯನ್ನು ಒಂದೊಂದು ಚಿತ್ರಕ್ಕೂ ಮುಟ್ಟಿಸಿ ಜೀವ ತುಂಬಿದ. ಹೆಣ ಒಳಗೆ ಹೋಯಿತು. ಬಾಗಿಲಿಗೆ ಗಾರೆ ಮೆತ್ತಿ ಮುದ್ರೆ ಒತ್ತಿದರು. ಆ ಮುದ್ರೆ ಒಡೆದವನಿಗೆ ಶೂಲವೇ ಗತಿ.

ಒಂಬತ್ತನೇ ದಿನ ಬೆಳಗ್ಗೆ ಪೆಂದುವನ ಆರು ವರ್ಷದ ಮಗಳು ತಮಿತ್ ಬೀಸುಕಲ್ಲಿನ ಹತ್ತಿರ ಚೀರಿಕೊಂಡು ಬಿದ್ದಳು. ಹಿಮ್ಮಡಿಯಲ್ಲಿ ಎರಡು ಚುಕ್ಕೆ. ರಕ್ತವಿಲ್ಲ. ಗಾಯದಿಂದ ಹಳದಿ ಪುಡಿ ಉದುರುತ್ತಿತ್ತು. ಪೆಂದುವ ಮೂಸಿ ನೋಡಿದ. ಜಾಲಿ ಅಂಟಿನ ವಾಸನೆ. ತಾನೇ ಅರೆದು ಕಲಸಿದ ಬಣ್ಣ.

ವಿಷ ಇಳಿಸುವ ಮಂತ್ರವಾದಿ ಗಾಯ ನೋಡಿದ್ದೇ ಎದ್ದು ನಿಂತ. "ಇದು ಮರಳಿನ ಹಾವಲ್ಲ. ಯಾರೋ ಬರೆದದ್ದು. ಬರೆದ ಕೈಯೇ ಅದರ ಕುತ್ತಿಗೆ ಕಡೀಬೇಕು. ಹೊತ್ತು ಮುಳುಗೋದ್ರೊಳಗೆ."

ಹೆಂಡತಿ ಹೆನುತ್ ಗಂಡನ ಮುಖ ನೋಡಿದಳು. ಆ ಹಾವಿನ ಚೆಂದವನ್ನು ಒಂಬತ್ತು ದಿನದಿಂದ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. "ನಿಮ್ಮ ಚೆಂದಕ್ಕಿಷ್ಟು ಬೆಂಕಿ ಹಾಕ! ಹೋಗ್ರಿ, ನನ್ನ ಕೂಸನ್ನ ಉಳಿಸ್ರಿ!"

ಪೆಂದುವ ನೆಬ್ರೆಯ ಬಳಿಗೆ ಓಡಿದ. "ತಪ್ಪಾಯ್ತಜ್ಜಾ," ಎಂದು ಕಾಲಿಗೆ ಬಿದ್ದ. ಮುದುಕ ಬೈಯಲಿಲ್ಲ. "ಆ ಗೋರಿಯ ಮುದ್ರೆ ಮುಟ್ಟೋದು ಬೇಡ. ನಮ್ಮಪ್ಪನ ಗೋರಿ ಅದರ ಪಕ್ಕದಲ್ಲೇ ಇದೆ. ನಡುವಿನ ಗೋಡೆ ತೆಳ್ಳಗಿದೆ. ಉಳಿ ತಗೊಂಡು ಬಾ."

ಪೆಂದುವ ಮೈ ತೂರುವಷ್ಟು ಕಂಡಿ ಕೊರೆದು ನುಸುಳಿದ. ನೆಬ್ರೆ ಆಚೆ ತನ್ನ ಅಪ್ಪನ ಹೆಣದ ಪಕ್ಕದಲ್ಲೇ ನಿಂತು ದೀಪವನ್ನು ಒಳಗೆ ಚಾಚಿದ. ಮುಚ್ಚಿದ ಗಾಳಿಯಲ್ಲಿ ರಾಳ, ಎಣ್ಣೆ, ಬೂಸಲು ಹಿಡಿದ ರೊಟ್ಟಿಯ ನಾತ. ಹೊರಗೆ ಉರಿಬಿಸಿಲು; ಇಲ್ಲಿ ಕಣ್ಣಿಗೆ ಮೆತ್ತಿಕೊಳ್ಳುವಂಥ ಕತ್ತಲೆ. ಬೆಳಕು ಬಾಗಿಲ ಬದಿಗೆ ಬಿತ್ತು.

ಹಾವು ಇರಲಿಲ್ಲ. ಅದಿದ್ದ ಜಾಗದಲ್ಲಿ ಬರೀ ಬಿಳಿ ಗಾರೆ.

"ಅಜ್ಜಾ, ಇಲ್ಲ! ಗೋಡೇಲಿ ಇಲ್ಲ!"

"ಕಾಯ್ತಾ ಇರು. ಅದರ ಮನೆ ಅದು. ಬಂದೇ ಬರುತ್ತೆ."

ಕಾದ. ಬತ್ತಿ ಅರ್ಧ ಉರಿಯಿತು. ಮಗಳ ಉಸಿರು ಇನ್ನೆಷ್ಟು ಉಳಿದಿದೆಯೋ. ಆಗ ಸದ್ದು. ಒಣಗಿದ ಬಣ್ಣ ಗಾರೆಗೆ ಉಜ್ಜುವ ಸದ್ದು. ಹಿಂದೆ. ಮೇಲೆ. ಕಿವಿಯ ಪಕ್ಕ. ಉಳಿ ಹಿಡಿದ ಬಲಗೈಗೆ ತಣ್ಣಗಿನದೇನೋ ಸುತ್ತಿಕೊಂಡಿತು. ಹಳದಿ. ಎರಡು ಕೊಂಬು. ಅದು ಗೋಡೆಯೊಳಕ್ಕೆ ಸರಿಯಿತು. ಅವನ ಕೈಯನ್ನೂ ಎಳೆಯಿತು. ಬೆರಳುಗಳು ಗಾರೆಯಲ್ಲಿ ಮುಳುಗಿದವು. ನೋವಿಲ್ಲ. ನೋವಿದ್ದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

"ಕೈ ಎಳ್ಕೋ ತಮ್ಮಾ! ಎಳ್ಕೋ!"

ಎಳೆದುಕೊಳ್ಳಬಹುದಿತ್ತು. ಹಿಡಿತ ಸಡಿಲವಾಗಿಯೇ ಇತ್ತು. ಕೈ ಉಳಿಯುತ್ತಿತ್ತು, ಹಾವೂ ಉಳಿಯುತ್ತಿತ್ತು. ಪೆಂದುವ ಕಣ್ಣು ಮುಚ್ಚಿ ಕೈಯನ್ನು ಇನ್ನೂ ಒಳಕ್ಕೆ ತಳ್ಳಿದ. ಮಣಿಕಟ್ಟಿನವರೆಗೆ. ಉಳಿಯ ಬಾಯಿ ಮೆತ್ತಗಿನ ಏನಕ್ಕೋ ತಾಗಿತು. ಒತ್ತಿದ.

ಹಿಂದಕ್ಕೆ ಬಿದ್ದಾಗ ಮಣಿಕಟ್ಟಿನಾಚೆ ಏನೂ ಇರಲಿಲ್ಲ. ರಕ್ತವೂ ಇಲ್ಲ, ನಯವಾದ ಬಿಳಿ ಗಾರೆಯ ಪುಡಿ. ಗೋಡೆಯಲ್ಲಿ ಹಾವಿತ್ತು, ಕುತ್ತಿಗೆ ಸೀಳಿತ್ತು. ಆ ಸೀಳಿಗೆ ಉಳಿ ಒತ್ತಿ ಹಿಡಿದ ಒಂದು ಕೈಯ ಚಿತ್ರವಿತ್ತು, ಅವನು ಬರೆದದ್ದಲ್ಲ.

ಮನೆ ಸೇರುವಾಗ ತಮಿತ್ ಗೋಡೆಗೊರಗಿ ನೀರು ಕುಡಿಯುತ್ತಿದ್ದಳು. "ಅಪ್ಪಾ, ನಂಗೊಂದು ಬೆಕ್ಕು ಬರೆದುಕೊಡು."

"ನಾಳೆ, ನನ್ನ ಕಂದಾ," ಎಂದು ಬಲತೋಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಇಲ್ಲದ ಆ ಕೈಯಲ್ಲಿ ಅವನಿಗೆ ಈಗಲೂ ಉಳಿಯ ತಣುಪು ತಿಳಿಯುತ್ತಿತ್ತು. ಅದರಡಿ ಸೀಳಿದ ಕುತ್ತಿಗೆ ಇನ್ನೂ ಮಿಸುಕಾಡುತ್ತಿತ್ತು. ಒತ್ತಿ ಹಿಡಿದ ಬೆರಳುಗಳು ಸೋಲತೊಡಗಿದ್ದವು.