ಘಟ್ಟ ಮಾಡಿದವ

ಮಧ್ವೇಶನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವನ ಸೈಕಲ್ಲಿನ ಹಲ್ಲುಗಳನ್ನು. ಛೀ!

ನಾನು ಹಲ್ಲಿನ ಡಾಕ್ಟರು, ಹೆಸರು ಗ್ರೀಷ್ಮಾ. ಅಸಹ್ಯವೇ ನನ್ನ ಹೊಟ್ಟೆಪಾಡು. ಖರ್ರಾ ಅನ್ನುವ ಅಡಿಕೆ-ತಂಬಾಕು ಜಗಿದು ಜಗಿದು ಇಟ್ಟಿಗೆ ಬಣ್ಣಕ್ಕೆ ತಿರುಗಿದ ನಾಗಪುರದ ಬಾಯಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಕೆರೆದು ತೊಳೆದು ಕಳಿಸುವವಳು. ಅಂಥ ನಾನೇ ಅವತ್ತು ಪ್ರತಾಪ ನಗರದ ನಮ್ಮ ಕ್ಲಿನಿಕ್ಕಿನ ಮೆಟ್ಟಿಲ ಬಳಿ ಮೂಗು ಮುಚ್ಚಿಕೊಂಡು ನಿಂತುಬಿಟ್ಟೆ. ತಿಳಿನೀಲಿ ಬಣ್ಣದ, ತೆಳ್ಳಗಿನ, ಬಲು ಚೆಲುವಾದ ಸೈಕಲ್ಲು. ಅದರ ಚೈನಿಗೆ, ಹಲ್ಲುಚಕ್ರಕ್ಕೆ ಮಾತ್ರ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು. ಜಿಡ್ಡಿನೊಳಗೆ ಕೂದಲು, ದಾರ, ಕಿತ್ತಳೆ ಸಿಪ್ಪೆಯ ಚೂರು. ಬಗ್ಗಿ ಮೂಸಿದೆ. ಕರಿದ ಈರುಳ್ಳಿಯ ವಾಸನೆ!

“ಯೇ ಕಿಸ್ಕಾ ಹೈ?” ಎಂದು ಒಳಗಿನ ಬೆಂಚಿನ ಕಡೆ ಕೂಗಿದೆ.

ಎತ್ತರದ ಒಬ್ಬ ಎದ್ದು ನಿಂತ. ಒಂದು ಕೆನ್ನೆ ಊದಿತ್ತು. ಕಿವಿಯಲ್ಲಿದ್ದ ಫೋನಿಗೆ ಮೆಲ್ಲಗೆ, “ಅವ್ವಾ, ಆಮ್ಯಾಲೆ ಮಾತಾಡ್ತೀನಿ. ಇಲ್ಲಿ ಡಾಕ್ಟರ್ ಬಾಯಿಯವರು ಸಿಟ್ಟಿಗೆದ್ದಾರ,” ಎಂದ.

“ಎದ್ದಿದ್ದೀನಿ. ಚೈನಿಗೆ ಏನು ಹಾಕಿದ್ದೀರಿ?”

ಊದಿದ ಕೆನ್ನೆಯಲ್ಲೂ ಅವನ ಮುಖ ಅರಳಿತು. “ಕನ್ನಡದವರೇನ್ರಿ?”

“ಏನು ಹಾಕಿದ್ದೀರಿ ಅಂದೆ.”

“ಎಣ್ಣಿ,” ಎಂದ, ತಪ್ಪು ಮಾಡಿದವನ ದನಿಯಲ್ಲಿ. “ಅವ್ವ ಭಜಿ ಕರದಿದ್ಲು. ಉಳದಿತ್ತು.”

ಹೀಗೆ ಪರಿಚಯವಾಯಿತು. ಧಾರವಾಡದ ಕಡೆಯಿಂದ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದ ಮನೆತನ ಅವನದು. ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾನೆ. ಸೈಕಲ್ಲನ್ನು ಗೆಳೆಯ ಸಮರ್ಥ್ ಊರು ಬಿಡುವಾಗ ಇವನ ತಲೆಗೆ ಕಟ್ಟಿ ಹೋಗಿದ್ದನಂತೆ.

“ಇದು ಫಿಕ್ಸೆಡ್ ಗೇರ್ ಅಂತ ಗೊತ್ತಾ?” ಎಂದೆ.

“ಕಾಲು ಬಿಡಂಗಿಲ್ಲ, ಅಷ್ಟು ಗೊತ್ತದ. ಭೂತ ಹೊಕ್ಕಂಗ ಪೆಡಲ್ ತಿರಗತದ.”

“ಗಾಲಿ ತಿರುಗೋವರೆಗೂ ಪೆಡಲೂ ತಿರುಗತ್ತೆ. ನಿಲ್ಲಿಸಬೇಕಂದ್ರೆ ಕಾಲಲ್ಲೇ ಹಿಂದಕ್ಕೆ ಒತ್ತಿ ತಡೀಬೇಕು. ನಿಮ್ಮದಕ್ಕೆ ಬೇರೆ ಬ್ರೇಕೂ ಇಲ್ಲ. ಈ ಚೈನು ನೋಡಿ, ಹೊಟ್ಟೆ ಬಿಟ್ಟು ನೇತಾಡ್ತಿದೆ. ರಸ್ತೆ ಮಧ್ಯೆ ಕಳಚಿದ್ರೆ ಹೇಗೆ ನಿಲ್ತೀರಿ?”

ಅವನು ಎರಡೂ ಹುಬ್ಬು ಏರಿಸಿ ನಿಜವಾಗಿಯೂ ಯೋಚಿಸಿದ. “ಗೊತ್ತಿಲ್ರಿ,” ಎಂದ.

ಆ ಒಂದು ‘ಗೊತ್ತಿಲ್ರಿ’ಗೆ ನಾನು ಬಿದ್ದೆ. ನಗಬೇಡಿ. ಬೆಂಗಳೂರಿನಲ್ಲಿ ನಾನಿದ್ದ ಸೈಕಲ್ ಗುಂಪಿನ ಗಂಡಸರ ಬಾಯಲ್ಲಿ ಆ ಮಾತನ್ನು ಒಮ್ಮೆಯೂ ಕೇಳಿದವಳಲ್ಲ. ಸೋಮವಾರ ಬಂದರೆ ಸಾಕು, ಒಬ್ಬ ಆಗುಂಬೆ ಘಟ್ಟ ಮಾಡಿದೆ ಎನ್ನುತ್ತಿದ್ದ, ಇನ್ನೊಬ್ಬ ಚಾರ್ಮಾಡಿ ಘಟ್ಟ ಮಾಡಿದೆ ಎನ್ನುತ್ತಿದ್ದ. ಅಂಥವನೊಬ್ಬನ ಜೊತೆ ನನ್ನ ಮದುವೆಯ ಮಾತುಕತೆಯೂ ಆಗಿತ್ತು. ಆಮೇಲೆ ತಿಳಿಯಿತು, ಅವನು ಕಾರಿನಲ್ಲಿ ಘಟ್ಟ ಹತ್ತಿ, ಮೇಲೆ ಸೈಕಲ್ ಇಳಿಸಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದ. ಬೆವರೂ ಸುಳ್ಳು! ಆ ಮದುವೆ ಬೇಡವೆಂದೆ. ನಾಗಪುರದ ಕೆಲಸಕ್ಕೆ ಅರ್ಜಿ ಹಾಕಿ ಹೊರಟುಬಂದೆ. ಜಂಬ ಕೊಚ್ಚುವ ಗಂಡಸಿಗಿಂತ ಕೊಳೆತ ಹಲ್ಲು ಎಷ್ಟೋ ಮೇಲು.

“ಬುದ್ಧಿಹಲ್ಲು ಕೀಳಬೇಕಾಗತ್ತೆ,” ಎಂದೆ ಅವನ ಬಾಯಿ ನೋಡಿ.

“ಇದ್ದದ್ದು ಅಷ್ಟೇ ಬುದ್ಧಿ. ಅದನ್ನೂ ಕೀಳ್ತೀರೇನ್ರಿ?”

ನಗು ಬಂತು. ಮಾಸ್ಕ್ ಇದ್ದದ್ದರಿಂದ ಅವನಿಗೆ ಕಾಣಲಿಲ್ಲ ಅಂದುಕೊಂಡೆ. ಆದರೆ ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ.

ಅವತ್ತು ಹಲ್ಲಿಗೆ ಮಾತ್ರೆ ಕೊಟ್ಟೆ. ಸೈಕಲ್ಲಿಗೆ ಚಿಕಿತ್ಸೆಯನ್ನೇ ಕೊಟ್ಟೆ. ಹೊಸ ಗ್ಲೌಸ್ ಹಾಕಿಕೊಂಡು, ಹಳೆಯ ಟೂತ್‌ಬ್ರಷ್ಷಿನಿಂದ ಚೈನು ಉಜ್ಜಿದೆ. ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗಾಲಿಯನ್ನು ಹಿಂದಕ್ಕೆ ಎಳೆದು, ಚೈನು ಬೆರಳಿಗೆ ಅರ್ಧ ಇಂಚು ಮಾತ್ರ ಆಡುವಂತೆ ಮಾಡಿ ಮತ್ತೆ ನಟ್ಟು ಬಿಗಿದೆ. ಉದ್ದಕ್ಕೂ ಛೀ ಛೀ ಎನ್ನುತ್ತಲೇ ಇದ್ದೆ. ಅವನು ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

“ಏನ್ರಿ ನಿಮ್ಮ ಹೆಸರು?” ಎಂದ. ಹೇಳಿದೆ.

“ಅಯ್ಯ! ಇಲ್ಲಿ ಬ್ಯಾಸಗಿ ಮೊದಲೇ ಸಾಕಾಗೇದ. ಮ್ಯಾಲೆ ನೀವೂ ಬಂದ್ರಿ.”

ಗ್ಲೌಸಿನ ಕೈಯಲ್ಲೇ ಹೊಡೆಯುವ ಹಾಗೆ ಬ್ರಷ್ ಎತ್ತಿದೆ. ಅವನು ತಪ್ಪಿಸಿಕೊಳ್ಳಲಿಲ್ಲ. ಮೂಗಿನ ಮೇಲೆ ಒಂದು ಕಪ್ಪು ಹನಿ ಬಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮುಂದಿನ ವಾರ ಹಲ್ಲು ಕಿತ್ತೆ. ಆಗ ಸೈಕಲ್ಲು ಒಂದು ಸುತ್ತಿಗೊಮ್ಮೆ ‘ಕಿರ್ರ್’ ಎನ್ನುತ್ತಿತ್ತು. ಅವನ ಪ್ರಕಾರ ಅದು ಸೀಟಿನ ಸದ್ದು. ನಾನು ಎದ್ದು ನಿಂತು ತುಳಿಯಲು ಹೇಳಿದೆ. ಸೀಟಿನ ಮೇಲೆ ಕೂರದಿದ್ದರೂ ಸದ್ದು ನಿಲ್ಲಲಿಲ್ಲ. ಎಡಪೆಡಲ್ ಬಿಚ್ಚಿದರೆ ಒಳಗೆ ತುಕ್ಕು, ಮಣ್ಣು, ಸತ್ತ ಇರುವೆಗಳು. ಎಂಥ ಹೇಸಿಗೆ! ಒರೆಸಿ ಗ್ರೀಸ್ ಹಚ್ಚಿ ಹಾಕಿದೆ.

ಹೊಲಿಗೆ ತೆಗೆಸಲು ಬಂದಾಗ ಮೂರನೆಯ ರೋಗ ಸಿಕ್ಕಿತು. ಗಾಲಿ ಅಲ್ಲಾಡದಂತೆ ಹಿಡಿದು ಪೆಡಲನ್ನು ಹಿಂದೆ ಮುಂದೆ ಒತ್ತಿದರೆ ಹಿಂದಿನ ಹಲ್ಲುಚಕ್ರ ಚೂರು ಆಡುತ್ತಿತ್ತು.

“ಹಲ್ಲು ಅಲ್ಲಾಡ್ತಿದೆ,” ಎಂದೆ. “ಈ ಹಲ್ಲುಚಕ್ರದ ಮೇಲೆ ಒಂದು ರಿಂಗ್ ಇದೆ ನೋಡಿ, ಬಳೆ ಥರ. ನೀವು ಹಿಂದಕ್ಕೆ ಒತ್ತಿದಾಗ ಚಕ್ರ ಬಿಚ್ಚಿಕೊಳ್ಳದ ಹಾಗೆ ಇದೇ ಹಿಡ್ಕೊಳ್ಳೋದು. ಇದು ಬಿಗಿ ಇದ್ರೇನೇ ನಿಮ್ಮ ಬ್ರೇಕು. ಇದಕ್ಕೆ ಬೇರೆ ಸ್ಪ್ಯಾನರ್ ಬೇಕು. ಶನಿವಾರ ತರಿಸಿರ್ತೀನಿ. ಅಲ್ಲೀವರೆಗೂ ಇಳಿಜಾರಿಗೆ ಹೋಗ್ಬೇಡಿ.”

“ಬಿಗಿ ಆದ್ಮ್ಯಾಲೆ ಹೋಗಬಹುದೇನ್ರಿ?”

“ಆಮೇಲೆ ಎಲ್ಲಿಗಾದ್ರೂ ಹೋಗಿ.”

ಶನಿವಾರ ಹೊಸ ಕುರ್ತಾ ಹಾಕಿಕೊಂಡೆ. ಜಿಡ್ಡಿನ ಕೆಲಸಕ್ಕೆ ಬಿಳಿ ಕುರ್ತಾ ಯಾರಾದರೂ ಹಾಕುತ್ತಾರಾ? ಹಾಕಿಕೊಂಡೆ. ಹಲ್ಲು ಕಿತ್ತಾಗಿತ್ತು, ಹೊಲಿಗೆ ಬಿಚ್ಚಿಯಾಗಿತ್ತು. ಸೈಕಲ್ಲೂ ಸರಿಹೋದರೆ ಅವನು ಮತ್ತೆ ಬರಲು ನೆಪವೇ ಇರುವುದಿಲ್ಲ ಎಂಬ ಯೋಚನೆ ಎದೆಯಲ್ಲಿ ಕೂತಿತ್ತು. ಇವತ್ತು ಏನಾದರೂ ಹೇಳಿಬಿಡಬೇಕು ಅಂದುಕೊಂಡಿದ್ದೆ.

ಅವನೂ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದ. ನಾನು ಗ್ಲೌಸ್ ಹಾಕಿಕೊಳ್ಳುವುದನ್ನು ನೋಡಿ ಕೈ ಅಡ್ಡ ಹಿಡಿದ.

“ಬ್ಯಾಡ್ರಿ ಡಾಕ್ಟರ್. ನಿನ್ನೆ ನಾನೇ ಘಟ್ಟ ಮಾಡಿದೆ.”

ಗ್ಲೌಸು ಅರ್ಧ ಕೈಯಲ್ಲೇ ನಿಂತಿತು. “ಏನು ಮಾಡಿದ್ರಿ?”

“ಘಟ್ಟ. ಒಬ್ಬನೇ! ಭಾಳ ತ್ರಾಸ ಆತ್ರಿ. ಬೆವರ ಇಳೀತು, ಅಂಗೈ ಕಿತ್ತು ಬಂತು, ನೋಡ್ರಿಲ್ಲೆ.”

“ಈ ಸೈಕಲ್ಲಾ?”

“ಹೂಂನ್ರಿ, ಇದೇ ಸೈಕಲ್. ಅರ್ಧ ತಾಸು ಹಿಡೀತು. ಮೊದಲಿಗೆ ಆಗವಲ್ದಾಗಿತ್ತು. ಕಡೀಕ ‘ಕಟ್’ ಅಂತು ನೋಡ್ರಿ, ಆತು!”

ನನ್ನ ನಾಲಿಗೆಯ ಮೇಲೆ ಕಹಿ ಬಂದು ಕೂತಿತು. ಬೆವರು, ಅಂಗೈ, ಅರ್ಧ ಗಂಟೆ. ಅದೇ ಹಳೆಯ ಮಾತು, ಹೊಸ ಬಾಯಿ. ಅಂಗೈ ತಿರುಗಿಸಿ ತೋರಿಸುವ ರೀತಿಯೂ ಅದೇ. ಅದೂ ಯಾವ ಊರಿನಲ್ಲಿ? ರೊಟ್ಟಿ ಹಂಚಿನ ಹಾಗೆ ಚಪ್ಪಟೆಯಾಗಿರುವ ನಾಗಪುರದಲ್ಲಿ, ನಿನ್ನೆ ಶುಕ್ರವಾರ ಪಾಠ ಮುಗಿಸಿ ಬಂದು ಸಂಜೆ ಯಾವ ಘಟ್ಟ ಹತ್ತಿದ ಈ ಮಹಾಶಯ? ಸುಳ್ಳು ಹೇಳುವ ಭೂಗೋಳದ ಮೇಷ್ಟ್ರು! ಅವನಿಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಹೇಸಿಗೆಯಾಯಿತು. ಮತ್ತೆ ಅಂಥವನನ್ನೇ ಹುಡುಕಿಕೊಂಡೆನಲ್ಲ!

ಅವನು ಪಾಪ ಖುಷಿಯಲ್ಲಿದ್ದ. “ಸೈಕಲ್ ಈಗ ಬರೋಬರ್ ಅದ. ತೇಲಂಗಖೇಡಿ ಹನುಮಪ್ಪಗ ಕೈಮುಗದು, ಕೆಳಗ ಇಳದು ಫುಟಾಳಾ ಕೆರಿ ದಂಡಿ ಮ್ಯಾಲೆ ಚಹಾ ಕುಡಿಯೂಣು. ಬರ್ತೀರೇನ್ರಿ?”

“ಘಟ್ಟ ಮಾಡಿದೋರ ಜೊತೆ ನಾನೆಲ್ಲೂ ಬರಲ್ಲ.”

ನಗು ಅವನ ಮುಖದಲ್ಲೇ ಇತ್ತು, ಕಣ್ಣು ಮಾತ್ರ ಆರಿತು. “ಘಟ್ಟ ಮಾಡಿದ್ದು ತಪ್ಪಾತೇನ್ರಿ?”

“ಅಸಹ್ಯ ಆಯ್ತು. ಹಲ್ಲು ಸರಿಯಾಗಿದೆ, ಸೈಕಲ್ಲೂ ಸರಿಯಾಗಿದೆ. ಇನ್ನು ಈ ಕಡೆ ಬರಬೇಡಿ.”

ಅವನು ತೇಲಂಗಖೇಡಿಯ ಕಡೆಗೇ ಸೈಕಲ್ ತಿರುಗಿಸಿಕೊಂಡು ಹೊರಟುಹೋದ.

ಒಳಗೆ ಬಂದು ಸ್ಪಿರಿಟ್ಟಿನಲ್ಲಿ ಕೈ ತೊಳೆದೆ. ಏನನ್ನೂ ಮುಟ್ಟದಿದ್ದರೂ ತೊಳೆದೆ. ಬಾಟಲಿಗೆ ಮುಚ್ಚಳವನ್ನು ಹಗುರಾಗಿ ತಿರುವಿ ಟೇಬಲ್ಲಿನ ಮೇಲೆ ಕುಕ್ಕಿದ ರಭಸಕ್ಕೆ ಅದು ಉರುಳಿ ಅರ್ಧ ಚೆಲ್ಲಿತು. ನಮ್ಮ ಸಹಾಯಕಿ ಮಂದಾತಾಯಿ ಬಟ್ಟೆ ತಂದು ಒರೆಸುತ್ತಾ ಮರಾಠಿಯಲ್ಲಿ ಗೊಣಗಿದಳು:

“ಝಾಕಣ್ ಘಟ್ಟ ಲಾವಾ ನಾ, ಮ್ಯಾಡಮ್!”

ನಾನು ನಿಂತಲ್ಲೇ ನಿಂತೆ. “ಕ್ಯಾ? ಘಟ್ಟ ಮತಲಬ್?”

ಅವಳು ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಬಲಕ್ಕೆ ತಿರುವಿ ತೋರಿಸಿದಳು. “ಘಟ್ಟ. ಟೈಟ್!”

ಅವನು ಬೆಟ್ಟ ಹತ್ತಿರಲಿಲ್ಲ. ಯಾವುದೋ ಸ್ಪ್ಯಾನರ್ ಹಾಕಿ ಹಲ್ಲುಚಕ್ರದ ಆ ರಿಂಗು ಬಿಗಿ ಮಾಡಿದ್ದ. ನಾಗಪುರದಲ್ಲಿ ಹುಟ್ಟಿ ಬೆಳೆದವನು, ಕನ್ನಡದ ನಡುವೆ ಮರಾಠಿ ಹಾಕಿಕೊಂಡು ‘ಘಟ್ಟ ಮಾಡಿದೆ’ ಎಂದಿದ್ದ. ನನ್ನ ಬೆಂಗಳೂರು ಕಿವಿಗೆ ಅದು ಆಗುಂಬೆಯಾಗಿ ಕೇಳಿತ್ತು.

ನಗಬೇಕು ಅನ್ನುವಷ್ಟರಲ್ಲಿ ಮಂದಾತಾಯಿಯ ಕೈ ಮತ್ತೆ ಕಣ್ಣಿಗೆ ಬಿತ್ತು. ಬಲಕ್ಕೆ. ಎಲ್ಲರೂ ಬಲಕ್ಕೇ ತಿರುಗಿಸುತ್ತಾರೆ. ಆ ರಿಂಗಿಗೆ ಮಾತ್ರ ಥ್ರೆಡ್ಡು ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕಾದರೆ ಸಡಿಲ. ಅದನ್ನು ನಾನು ಅವನಿಗೆ ಹೇಳಿರಲಿಲ್ಲ. ಅವನು ಕೇಳಿದ ‘ಕಟ್’ ಬಿಗಿಯಾದ ಸದ್ದಲ್ಲ, ಬಿಚ್ಚಿಕೊಂಡ ಸದ್ದು. ಅಂಥ ಸೈಕಲ್ಲಿನಲ್ಲಿ ಅವನು ಇಳಿಜಾರಿಗೆ ಹೊರಟಿದ್ದ. ಸರಿಯಾಗಿದೆ ಎಂದು ನಾನೇ ಬಾಯಿಬಿಟ್ಟು ಹೇಳಿ ಕಳಿಸಿದ್ದೆ.

ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ. ಮಂದಾತಾಯಿಯ ಸ್ಕೂಟಿಯ ಕೀ ಕಿತ್ತುಕೊಂಡು ಓಡಿದೆ.

ಅಂಬಾಝರಿ ದಾಟುವವರೆಗೂ ಪ್ರತಿ ಸಿಗ್ನಲ್ಲಿನಲ್ಲೂ ನನ್ನನ್ನೇ ಬೈದುಕೊಂಡೆ. ಅವನಿಗೆ ಏನಾದರೂ ಆದರೆ? ಅವನು ನನ್ನಿಂದ ಕೇಳಿದ ಕೊನೆಯ ಮಾತು ‘ಅಸಹ್ಯ’ ಆಗಿಬಿಟ್ಟರೆ?

ಗುಡಿಯ ಹತ್ತಿರ ಬಂದಾಗ ತಿಳಿನೀಲಿ ಸೈಕಲ್ಲು ಇಳಿಜಾರಿನ ಕಡೆ ತಿರುಗುತ್ತಿತ್ತು. ಅವನ ಹಣೆಯಲ್ಲಿ ಹನುಮಪ್ಪನ ಸಿಂಧೂರ.

“ಮಧ್ವೇಶ್! ಇಳೀಬೇಡಿ! ನಿಲ್ಲಿ!”

ನನ್ನ ದನಿ ಕೇಳಿ ತಿರುಗಿ ನೋಡಿದ. ಅಷ್ಟೆಲ್ಲ ಬೈಸಿಕೊಂಡವನು ನಕ್ಕ! ನನಗಾಗಿ ನಿಲ್ಲಿಸಲು ಪೆಡಲನ್ನು ಹಿಂದಕ್ಕೆ ಒತ್ತಿದ. ರಿಂಗು ಮೊದಲೇ ಸಡಿಲವಾಗಿತ್ತು, ಹಲ್ಲುಚಕ್ರ ಬಿಚ್ಚಿಕೊಂಡಿತು. ಪೆಡಲ್ಲುಗಳು ಹಿಂದಕ್ಕೆ ಸುಮ್ಮನೆ ಗಿರಗಿರ ತಿರುಗಿದವು, ಸೈಕಲ್ಲು ಮಾತ್ರ ಮುಂದಕ್ಕೆ ಓಡಿತು. ಕೆಳಗಿನಿಂದ ಒಂದು ಬಸ್ಸು ಹತ್ತಿಬರುತ್ತಿತ್ತು. ಅವನು ಹ್ಯಾಂಡಲ್ಲನ್ನು ಎಡಕ್ಕೆ ಎಳೆದು ರಸ್ತೆ ಬದಿಯ ಕಸದ ಗುಡ್ಡೆಗೆ ನೇರ ನುಗ್ಗಿದ.

ಎಂಥ ಗುಡ್ಡೆ! ಕೊಳೆತ ಚೆಂಡುಹೂವು, ಎಣ್ಣೆ ಸುರಿದ ಎಕ್ಕದ ಹಾರ, ಒಡೆದ ಕಾಯಿಚಿಪ್ಪು, ಚಟ್ನಿ ಮೆತ್ತಿದ ಎಲೆತಟ್ಟೆ, ಮೇಲೆ ಮುಸುರುವ ನೊಣ. ಅದರೊಳಗಿಂದ ಎರಡು ಕಾಲು ಕಾಣುತ್ತಿದ್ದವು.

ಸ್ಕೂಟಿ ಬಿಟ್ಟು ಓಡಿ ಎರಡೂ ಕೈಯಿಂದ ಬಾಚಿದೆ. ಅವನ ಮುಖ ಸಿಕ್ಕಿತು. ಕಣ್ಣು ಪಿಳಿಪಿಳಿ ಬಿಟ್ಟ. ಹಣೆ ತರಚಿತ್ತು, ಕಿವಿಯ ಮೇಲೆ ಒಂದು ಹೂವಿತ್ತು.

“ಮುಟ್ಟಬ್ಯಾಡ್ರಿ,” ಎಂದ. “ಭಾಳ ಹೊಲಸ ಆಗೀನಿ.”

“ಬಾಯಿ ಮುಚ್ಚಿ. ಕೈ ಆಡಿಸಿ. ಕಾಲು? ಎಲ್ಲಾದ್ರೂ ನೋವಿದೆಯಾ?”

“ಗೊತ್ತಿಲ್ರಿ.”

ಅಷ್ಟೇ. ನನಗೆ ಅಳು ಬಂದುಬಿಟ್ಟಿತು. “ನೀವು ಘಟ್ಟ ಅಂದ್ರೆ ನಾನು ಬೆಟ್ಟ ಅಂದ್ಕೊಂಡೆ ಕಣ್ರಿ! ಜಂಬ ಕೊಚ್ತೀರಿ ಅಂದ್ಕೊಂಡೆ.”

ಅವನು ಕಸದಲ್ಲಿ ಕೂತುಕೊಂಡೇ ನಕ್ಕ. “ಭೂಗೋಳ ಕಲಸ್ತೀನ್ರಿ ನಾ. ನಾಗಪುರದಾಗ ಘಟ್ಟ ಎಲ್ಲಿಂದ ತರ್ಲಿ?”

“ನಾನು ಮಾಡ್ತೀನಿ ಅಂದಿದ್ನಲ್ಲ, ನೀವ್ಯಾಕೆ ಅದಕ್ಕೆ ಕೈ ಹಾಕಿದ್ರಿ?”

ನಗು ನಿಲ್ಲಿಸಿದ. ಕೆನ್ನೆಯ ಮೇಲಿನ ಚಟ್ನಿಯನ್ನು ತೋಳಿನಿಂದ ಒರೆಸಿಕೊಂಡ. “ಬಂದಾಗೊಮ್ಮೆ ನೀವು ಗ್ಲೌಸ್ ಹಾಕ್ಕೊಂಡು, ಛೀ ಛೀ ಅಂತ ಅದರ ಮುಂದ ಕೂಡತಿದ್ರಿ. ಸೈಕಲ್ ಸುದ್ದಿ ಮುಗದ್ರ, ಒಂದು ದಿನಾನರೆ ನನ್ನ ಮಾರಿ ನೋಡ್ತೀರಿ ಅನಿಸ್ತು. ಅದಕ್ಕ ಮಾಡಿದೆ.”

“ಹಲ್ಲು ನೋಡುವಾಗೆಲ್ಲ ಮುಖಾನೇ ನೋಡ್ತಿದ್ದೆ,” ಎಂದೆ. “ನೀವು ನಂಗಿಷ್ಟ. ಮೊದಲ ದಿನದಿಂದಲೂ.”

ಅವನ ಕಣ್ಣು ನನ್ನ ಮುಖದಿಂದ ಇಳಿದು ಕೈಗಳ ಮೇಲೆ ನಿಂತಿತು. ನಾನೂ ನೋಡಿಕೊಂಡೆ. ಮೊಣಕೈವರೆಗೆ ಕೊಳೆ ಮೆತ್ತಿತ್ತು. ಗ್ಲೌಸ್ ಇರಲಿಲ್ಲ.

ಸೈಕಲ್ಲನ್ನು ಗುಡಿಯ ಹೂವಿನವಳ ಬಳಿ ಬಿಟ್ಟು ಅವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡೆ. ಹಣೆಗೆ ಔಷಧಿ ಹಾಕಬೇಕಿತ್ತು. ಹಿಂದಿನಿಂದ ತಡೆಯಲಾರದ ನಾತ ಬರುತ್ತಿತ್ತು. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದ.

“ಕೈ ಹೊಲಸ ಅವ್ರಿ,” ಎಂದ.

“ಗೊತ್ತು. ಛೀ.”

ಎರಡೂ ಕೈಗಳನ್ನು ಎಳೆದು ನನ್ನ ಬಿಳಿ ಕುರ್ತಾದ ಮೇಲೆ, ಸೊಂಟದ ಸುತ್ತ ಇಟ್ಟುಕೊಂಡೆ. ಅವನು ಬೆರಳ ತುದಿಯಲ್ಲಿ ಹಿಡಿದ.

“ಹಿಂಗೇನ್ರಿ?”

“ಹಾಗಲ್ಲ,” ಎಂದೆ. “ಘಟ್ಟ.”