ಇಸ್ತ್ರಿ ಮೇಜಿನಿಂದ ಕಾಣೆಯಾದ ಮೂರು ಇಂಗ್ಲಿಷ್ ಪತ್ರಿಕೆಗಳು

ಇಸ್ತ್ರಿ ಮೇಜಿನ ಡ್ರಾಯರು ಖಾಲಿ. ಮೇಷ್ಟ್ರು ಒಳಗೆ ಕೈಯಾಡಿಸಿದರು, ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಊಟಕ್ಕೆ ಮುಂಚೆ ಇಟ್ಟಿದ್ದ ಮೂರು ಉತ್ತರಪತ್ರಿಕೆಗಳೂ ಇಲ್ಲ.

ಇಸ್ತ್ರಿ ಅಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ತಾನೂ ಬಗ್ಗಿ ನೋಡಿದಳು. ಆ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ನಿಂತೇ ದುಡಿದವಳು. ಈಗೀಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಕೌಂಟರಿನಲ್ಲಿ ಕುರ್ಚಿಯ ಕೆಲಸವೊಂದು ಖಾಲಿಯಾಗಿತ್ತು. ಪರವೂರ ಗಿರಾಕಿಗಳೊಡನೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕು. ಅದಕ್ಕೇ ಮೇಷ್ಟ್ರ ಪಾಠ, ಅದಕ್ಕೇ ಪರೀಕ್ಷೆ. ಬರೆದವರು ಮೂವರು; ಮೊದಲ ಸ್ಥಾನ ಬಂದವರಿಗೆ ಕುರ್ಚಿ.

"ಡ್ರಾಯರು ಯಾರ ಮೇಜಿಂದು?" ಯಜಮಾನರು ಕೇಳಿದರು.

"ನಂದೇ."

"ನಾಲ್ಕು ಗಂಟೆಯೊಳಗೆ ಪತ್ರಿಕೆ ಸಿಗದಿದ್ರೆ ನಿನ್ನ ಹೆಸರು ಕೈಬಿಡ್ತೀನಿ."

ಬಟ್ಟೆ ಕೋಣೆಯಿಂದ ದೊಡ್ಡಮ್ಮ ಹೊರಬಂದರು. ಜೋಡಿ ತಪ್ಪಿದ ಕಾಲುಚೀಲಗಳನ್ನು ಮೂವತ್ತು ವರ್ಷ ಹುಡುಕಿ ಅವರಿಗೆ ಪೊಲೀಸರ ಕಣ್ಣು ಬಂದಿತ್ತು. ಮೊದಲು ಒಂದು ಸ್ಟೂಲು ತಂದು ಅಕ್ಕನನ್ನು ಕೂರಿಸಿದರು. ಆಮೇಲೆ ವಿಚಾರಣೆ.

"ನೀನು ತೆಗೆದ್ಯೇನಪ್ಪಾ?"

ಒಗೆಯುವ ಮೆಷಿನ್ ನೋಡಿಕೊಳ್ಳುವ ಮಾಮ ಕೈ ಒರೆಸಿಕೊಂಡ. "ನಾನ್ಯಾಕೆ ತೆಗೀಲಿ? ಹೆಸರು ಬಿಟ್ಟು ಏನೂ ಬರೆದಿಲ್ಲ."

"ಅದನ್ನೂ ಸಣ್ಣಕ್ಷರದಲ್ಲೇ ಶುರು ಮಾಡಿದ್ದಾನೆ," ಮೇಷ್ಟ್ರು ನಿಟ್ಟುಸಿರಿಟ್ಟರು.

"ನಾನೇನು ದೊಡ್ಡ ಮನುಷ್ಯನಾ ಮೇಷ್ಟ್ರೇ, ದೊಡ್ಡಕ್ಷರ ಹಾಕ್ಕೊಳ್ಳೋಕೆ?"

ದೊಡ್ಡಮ್ಮ ಅಕ್ಕನತ್ತ ತಿರುಗಿದರು. "ನೀನು?"

"ನಾನು ತೆಗೆದಿದ್ದಿದ್ರೆ ಹೀಗೆ ನಡುಗ್ತಾ ಕೂತಿರ್ತಿದ್ನಾ?"

ಮೇಷ್ಟ್ರ ಮುಖ ಅರಳಿತು. "ಆಗದೇ ಇದ್ದದ್ದು ಆಗಿದ್ದಿದ್ರೆ—ನಾ ಹೇಳಿಕೊಟ್ಟ ‘ಇಫ್’ ವಾಕ್ಯದ ಮೂರನೇ ಬಗೆ ಇದೇ! ಎಲ್ಲಿ, ಇಂಗ್ಲಿಷಲ್ಲಿ ಹೇಳು."

"ಮೇಷ್ಟ್ರೇ, ಇಲ್ಲಿ ಕುತ್ತಿಗೆಗೆ ಬಂದಿದೆ," ಎಂದರು ದೊಡ್ಡಮ್ಮ.

ಉಳಿದವನು ಡ್ರೈವರಣ್ಣ. "ನಾನು ಎರಡಕ್ಕೆ ಪೊಟ್ಟಣ ಕೊಡೋಕೆ ಹೋದವನು ಈಗ ಬಂದೆ."

"ಎಲ್ಲಾ ಕೊಟ್ಯಾ?"

"ಒಂದು ಉಳೀತು. ಆ ಮನೇಲಿ ಯಾರೂ ಇರ್ಲಿಲ್ಲ."

ಅಕ್ಕ ಕಪಾಟಿನತ್ತ ನೋಡಿದಳು. ನಾಳೆಯ ಪೊಟ್ಟಣಗಳು ಸಾಲಾಗಿ ಮಲಗಿದ್ದವು. ವಾಪಸು ಬಂದದ್ದು ಮೂಲೆಯಲ್ಲಿ ಗೋಡೆಗೊರಗಿ ನಿಂತಿತ್ತು.

"ಮೇಷ್ಟ್ರೇ, ಮಾರ್ಕು ಯಾರಿಗಾದ್ರೂ ಹೇಳಿದ್ರಾ?" ಅತ್ತಲೇ ನೋಡುತ್ತಾ ದೊಡ್ಡಮ್ಮ ಕೇಳಿದರು.

"ಉಹೂಂ. ಬೆಳಿಗ್ಗೆ ವ್ಯಾನಲ್ಲಿ ಬರ್ತಾ ತಿದ್ದಿದೆ."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಡ್ರೈವರಣ್ಣ ಬಿಟ್ರೆ."

ದೊಡ್ಡಮ್ಮ ನೇರ ಮೂಲೆಗೆ ಹೋಗಿ ಪೊಟ್ಟಣದ ದಾರ ಬಿಚ್ಚಿದರು. ಒಳಗೆ ಎರಡು ರಟ್ಟು. ನಡುವೆ ಮೂರು ಪತ್ರಿಕೆ!

"ಇಸ್ತ್ರಿಯಾದ ಬಟ್ಟೆ ನಿಲ್ಲಿಸಿದ್ರೆ ಕುಸಿದು ಮುದ್ದೆಯಾಗತ್ತೆ. ಇವನು ಹತ್ತು ವರ್ಷದಿಂದ ಪೊಟ್ಟಣಾನ ಹಸುಗೂಸಿನ ಹಾಗೆ ಮಲಗಿಸೋನು. ಇದೊಂದನ್ನ ನಿಲ್ಲಿಸಿದ್ದಾನೆ ಅಂದ್ರೆ ಒಳಗಿರೋದು ಬಟ್ಟೆ ಅಲ್ಲ. ಊಟದ ಹೊತ್ತಲ್ಲಿ ತೆಗೆದ್ಯಲ್ವೇನೋ?"

ಡ್ರೈವರಣ್ಣ ತಲೆ ತಗ್ಗಿಸಿದ. ಯಜಮಾನರು ಪತ್ರಿಕೆ ಕಿತ್ತುಕೊಂಡು ನೋಡಿ ಹುಬ್ಬೇರಿಸಿದರು. "ಇವನೇ ಮೊದಲು!"

ಅಕ್ಕ ಮೂರು ಮಾರ್ಕು ಹಿಂದೆ. ಬಟ್ಟೆಗೆ ಗುರುತು ಹಾಕಿ ಹಾಕಿ ಅವಳ ಕೈಗೆ ದೊಡ್ಡಕ್ಷರವೇ ರೂಢಿ. ಊರ ಹೆಸರಿನಿಂದ ಹಿಡಿದು ಹಸು, ಹುಲ್ಲಿನವರೆಗೆ ಎಲ್ಲವನ್ನೂ ಅದರಲ್ಲೇ ಬರೆದು ಮಾರ್ಕು ಕಳೆದುಕೊಂಡಿದ್ದಳು.

"ಅಕ್ಕಂಗೆ ಧೈರ್ಯಕ್ಕಿರ್ಲಿ ಅಂತ ಜೊತೇಲಿ ಬರೆದೆ," ಡ್ರೈವರಣ್ಣ ಗೊಣಗಿದ. "ರಸ್ತೆ ಬೋರ್ಡು ಓದಿ ಓದಿ ನಂಗೆ ಇಷ್ಟು ಬಂದ್ಬಿಟ್ಟಿದೆ ಅಂತ ಯಾರಿಗ್ಗೊತ್ತಿತ್ತು? ಪತ್ರಿಕೆ ಕಳೆದ್ರೆ ಇನ್ನೊಂದ್ಸಲ ಪರೀಕ್ಷೆ ಇಡ್ತಾರೆ, ಆಗ ತಪ್ಪು ಬರೆಯೋಣ ಅಂತ... ಅಪವಾದ ಅಕ್ಕನ ತಲೆಗೆ ಬರತ್ತೆ ಅಂತ ಹೊಳೀಲಿಲ್ಲ."

"ಕುರ್ಚಿ ಬೇಡ ಅಂದಿದ್ರೆ ಮುಗೀತಿತ್ತಲ್ಲೋ?"

"ಹಾಗೆ ಹೇಳಬಹುದಾ ದೊಡ್ಡಮ್ಮ?"

ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ಅವನು ಬೇಡ ಅಂದ್ರೆ ಎರಡನೆಯವರಿಗೆ ಕೊಡ್ತೀನಿ ಅಂತ ನಾನೆಲ್ಲಿ ಹೇಳಿದೆ?" ಯಜಮಾನರು ಬಿಗುಮಾನ ಬಿಡಲಿಲ್ಲ.

ಅಷ್ಟರಲ್ಲಿ ಕೌಂಟರಿನ ಫೋನು ಬಡಿದುಕೊಂಡಿತು. ಯಜಮಾನರೇ ಓಡಿಹೋಗಿ ಎತ್ತಿದರು. ಆಚೆಯಿಂದ ಇಂಗ್ಲಿಷು ಸುರಿಯಿತು. ಅವರು ಬೆವತು, ಬಿಸಿ ಪಾತ್ರೆ ದಾಟಿಸುವವರಂತೆ ಫೋನನ್ನು ಅಕ್ಕನ ಕೈಗೆ ದಾಟಿಸಿದರು.

ಅಕ್ಕ ಕೌಂಟರಿನ ಕುರ್ಚಿಯಲ್ಲಿ ಕೂತಳು. ಸಾವಧಾನವಾಗಿ ಕೇಳಿಸಿಕೊಂಡಳು. "ಇಫ್ ಯು ಕಮ್ ಅಟ್ ಸಿಕ್ಸ್," ಎಂದು ತಡೆದು, ಉಸಿರೆಳೆದುಕೊಂಡಳು. "ಯುವರ್ ಶರ್ಟ್ಸ್ ವಿಲ್ ಬಿ ರೆಡಿ."

ಆಚೆಯವರು ಥ್ಯಾಂಕ್ಯೂ ಹೇಳಿ ಫೋನಿಟ್ಟರು. ಮೇಷ್ಟ್ರು ಬೇರೆಡೆ ತಿರುಗಿ ಕಣ್ಣೊರೆಸಿಕೊಂಡರು.

"ಕೂತಿರು, ಏಳಬೇಡ," ಎಂದರು ಯಜಮಾನರು, ಮೆತ್ತಗೆ. ಮರುಕ್ಷಣವೇ ಗಾಬರಿಯಾದರು. "ಅಲ್ಲಾ, ಆರಕ್ಕೆ ಅಂದ್ಯಲ್ಲ, ಆಗತ್ತಾ?"

"ಆಗತ್ತೆ ಯಜಮಾನ್ರೇ," ಎಂದಳು ಅಕ್ಕ, ಕಾಲು ಚಾಚಿಕೊಳ್ಳುತ್ತಾ. "ಡ್ರೈವರಣ್ಣ ಇಸ್ತ್ರಿ ಮಾಡಿದ್ರೆ."